ಗುಂಡಿ ಒತ್ತಿದರೂ ಏಳದ ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವು. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಸಾಲು: ‘ಕಂಪ್ಯೂಟರ್ ಆನ್ ಆಗ್ತಿಲ್ಲ.’ ಫ್ಯಾನೇ ತಿರುಗದಿದ್ದರೂ ನಾವು ಹಾಗೇ ಹೇಳುತ್ತೇವೆ, ವಿಂಡೋಸ್ ಗುರುತು ಬಂದು ಅಲ್ಲೇ ಗಿರಗಿರ ಸುತ್ತುತ್ತಿದ್ದರೂ ಹಾಗೇ ಹೇಳುತ್ತೇವೆ. ಎರಡಕ್ಕೂ ಅಜಗಜಾಂತರ. ಎಲ್ಲಿಯವರೆಗೆ ಬಂದು ನಿಂತಿತು ಅನ್ನುವುದನ್ನು ಸರಿಯಾಗಿ ನೋಡಿಕೊಂಡರೆ ಅರ್ಧ ರಿಪೇರಿ ಆದ ಹಾಗೇ. ಅದಕ್ಕೇ ಪ್ರಶ್ನೆಗಳನ್ನೂ ಹೆಚ್ಚುಕಮ್ಮಿ ಆ ಕ್ರಮದಲ್ಲೇ ಇಟ್ಟಿದ್ದೇವೆ. ಜೀವವೇ ಇಲ್ಲದವು ಮೊದಲು, ವಿಂಡೋಸ್ ಬಾಗಿಲಿಗೆ ಬಂದು ನಿಲ್ಲುವವು ಕೊನೆಗೆ.

ಪ್ರಶ್ನೆ: ಎಂಟು ವರ್ಷದ ಡೆಸ್ಕ್‌ಟಾಪ್. ಚಳಿ ಶುರುವಾದ ಮೇಲೆ ಬೆಳಗ್ಗೆ ಹೊತ್ತು ಹಟ ಮಾಡುತ್ತದೆ. ಗುಂಡಿ ಒತ್ತಿದರೆ ಫ್ಯಾನ್ ಒಂದು ಸುತ್ತು ಹಾಕಿ ನಿಲ್ಲುತ್ತದೆ. ಹತ್ತು ಹದಿನೈದು ಸಲ ಒತ್ತಿದ ಮೇಲೆ ಒಮ್ಮೆ ಹಿಡಿದುಕೊಂಡರೆ ರಾತ್ರಿಯವರೆಗೂ ಏನೂ ತೊಂದರೆಯಿಲ್ಲ. ಮಧ್ಯಾಹ್ನ ಆಫ್ ಮಾಡಿ ಆನ್ ಮಾಡಿದರೂ ಸರಿಯಾಗಿಯೇ ಬರುತ್ತದೆ. ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ ಅನ್ನುತ್ತಾರೆ. (ಚಿಕ್ಕಬಳ್ಳಾಪುರ)

ಉತ್ತರ: ಮದರ್‌ಬೋರ್ಡ್‌ಗೆ ದುಡ್ಡು ಸುರಿಯುವ ಮೊದಲು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿ, ನೋಡಿ. ಸುಳಿವು ನಿಮ್ಮ ಪತ್ರದಲ್ಲೇ ಇದೆ: ತಣ್ಣಗಿದ್ದಾಗ ಹಟ, ಬಿಸಿಯಾದ ಮೇಲೆ ಸರಿ.

ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ, ಪುಟ್ಟ ಡಬ್ಬಿಯಂಥ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗಿನ ದ್ರವ ವರ್ಷಗಟ್ಟಲೆ ಕಾವಿಗೆ ಆರುತ್ತಾ ಬರುತ್ತದೆ. ಆರಿದಷ್ಟೂ ಕೆಪಾಸಿಟರಿನ ಒಳರೋಧ ಏರುತ್ತದೆ, ಚಳಿಗೆ ಮತ್ತೂ ಏರುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಫ್ಯಾನು, ಡಿಸ್ಕು, ಪ್ರೊಸೆಸರು ಎಲ್ಲವೂ ಒಟ್ಟಿಗೆ ಕರೆಂಟ್ ಎಳೆಯುತ್ತವಲ್ಲ, ಆಗ ಸೊರಗಿದ ಕೆಪಾಸಿಟರ್ ವೋಲ್ಟೇಜನ್ನು ಹಿಡಿದು ನಿಲ್ಲಿಸಲಾರದು. ವೋಲ್ಟೇಜ್ ನೆಟ್ಟಗಿದೆ ಎಂದು ಎಸ್‌ಎಂಪಿಎಸ್ ಬೂದು ವೈರಿನಲ್ಲಿ ಬೋರ್ಡಿಗೆ ಒಂದು ಸಂಕೇತ ಕಳಿಸಬೇಕು. ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ. ಅದು ಬರದಿದ್ದರೆ ಬೋರ್ಡ್ ಮುಂದೆ ಹೋಗುವುದೇ ಇಲ್ಲ. ನೀವು ಒತ್ತಿದ ಪ್ರತಿ ಸಲವೂ ಕೆಪಾಸಿಟರ್ ಚೂರುಚೂರೇ ಬೆಚ್ಚಗಾಗುತ್ತದೆ, ಹದಿನೈದನೇ ಸಲಕ್ಕೆ ಹಿಡಿದುಕೊಳ್ಳುತ್ತದೆ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಇವತ್ತು ರಾತ್ರಿ ವಿಂಡೋಸ್ ಶಟ್‌ಡೌನ್ ಮಾಡಿ, ಆದರೆ ಗೋಡೆಯ ಸ್ವಿಚ್ ಆರಿಸಬೇಡಿ. ಸ್ವಿಚ್ ಹಾಕಿದ್ದಷ್ಟು ಹೊತ್ತೂ ಎಸ್‌ಎಂಪಿಎಸ್‌ನ ಒಂದು ಸಣ್ಣ ಭಾಗ ಎಚ್ಚರವಾಗಿದ್ದು ನೇರಳೆ ವೈರಿಗೆ 5 ವೋಲ್ಟ್ ಕೊಡುತ್ತಿರುತ್ತದೆ, ಹಾಗಾಗಿ ಒಂದಿಷ್ಟು ಬೆಚ್ಚಗೂ ಇರುತ್ತದೆ. ಬೆಳಗ್ಗೆ ಒಂದೇ ಒತ್ತಿಗೆ ಎದ್ದರೆ ಅನುಮಾನ ಬಹುಪಾಲು ಆ ಭಾಗದ ಕೆಪಾಸಿಟರ್ ಮೇಲೇ.

ಮಲ್ಟಿಮೀಟರ್ ಇದ್ದರೆ ಇನ್ನೂ ನಿಖರವಾಗಿ ನೋಡಬಹುದು. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕಪ್ಪು ಮೊನೆಯನ್ನು 24 ಪಿನ್ ಪ್ಲಗ್ಗಿನ ಯಾವುದಾದರೂ ಕಪ್ಪು ವೈರಿಗೆ, ಕೆಂಪು ಮೊನೆಯನ್ನು ನೇರಳೆಗೆ ಹಿಂಬದಿಯಿಂದ ತೂರಿಸಿ. 4.75ರಿಂದ 5.25ರೊಳಗೆ ಇರಬೇಕು. ಒಬ್ಬರು ಗುಂಡಿ ಒತ್ತುವಾಗ ಇನ್ನೊಬ್ಬರು ಮೀಟರ್ ನೋಡಿ. ಆ ಕ್ಷಣಕ್ಕೆ 4.75ಕ್ಕಿಂತ ಕೆಳಕ್ಕೆ ಬಿದ್ದರೆ ಕಳ್ಳ ಸಿಕ್ಕ. ಕಂಪ್ಯೂಟರ್ ಓಡುತ್ತಿರುವಾಗ ಹಳದಿ ವೈರಿನಲ್ಲಿ 11.4ರಿಂದ 12.6, ಕಿತ್ತಳೆಯಲ್ಲಿ 3.14ರಿಂದ 3.46 ಬರಬೇಕು. ಎಲ್ಲ ವೈರೂ ಕಪ್ಪಾಗಿರುವ ಎಸ್‌ಎಂಪಿಎಸ್ ಆದರೆ ಅಂದಾಜಿನಲ್ಲಿ ಚುಚ್ಚಬೇಡಿ, ಗೊತ್ತಿದ್ದವರ ಹತ್ತಿರ ತೋರಿಸಿ.

ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಹೊಸದು ಕೊಳ್ಳುವಾಗ ಮೇಲೆ ದಪ್ಪಕ್ಷರದಲ್ಲಿ ಬರೆದ 450 ವಾಟ್ ನೋಡಿ ಮರುಳಾಗಬೇಡಿ. ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಅದನ್ನು 12ರಿಂದ ಗುಣಿಸಿ. 16 ಆಂಪಿಯರ್ ಎಂದಿದ್ದರೆ 192 ವಾಟ್. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಉಣ್ಣುವುದು ಆ ಸಾಲಿನಿಂದಲೇ. ಉಳಿದ ವಾಟ್ ಕಾಗದದ ಮೇಲಿನ ಲೆಕ್ಕ.

ಇದೆಲ್ಲಕ್ಕೂ ಮೊದಲು ಒಂದು ಸಣ್ಣ ಅನುಮಾನ ಕಳೆದುಕೊಳ್ಳಿ. ಕೆಲವು ಸಲ ಕೆಟ್ಟಿರುವುದು ಮುಂಭಾಗದ ಗುಂಡಿ ಮಾತ್ರ. ಒಳಗೆ ಸಿಕ್ಕಿಕೊಂಡು ಒತ್ತಿದ ಸ್ಥಿತಿಯಲ್ಲೇ ಉಳಿದರೆ ಕಂಪ್ಯೂಟರ್ ಎದ್ದು ನಾಲ್ಕೈದು ಸೆಕೆಂಡಿಗೆ ಆರುತ್ತದೆ. ಬೋರ್ಡಿನ ಮೂಲೆಯಲ್ಲಿ ಪವರ್ ಸ್ವಿಚ್ ಎಂದು ಗುರುತಿರುವ ಎರಡು ಪಿನ್‌ನಿಂದ ಗುಂಡಿಯ ವೈರ್ ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಂದು ಕ್ಷಣ ಮುಟ್ಟಿಸಿ. ಸರಾಗವಾಗಿ ಎದ್ದರೆ ಎಸ್‌ಎಂಪಿಎಸ್ ನಿರಪರಾಧಿ.

ಪ್ರಶ್ನೆ: ಪಕ್ಕದ ತೋಟದಲ್ಲಿ ಮೋಟರ್ ಹಾಕಿದ ಕೂಡಲೇ ನಮ್ಮ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಇದ್ದೂ ಕರೆಂಟ್ ಹೋದರೆ ಜತೆಗೇ ಆರುತ್ತದೆ. ಸಾಲದ್ದಕ್ಕೆ ಬಾಕ್ಸ್ ಮುಟ್ಟಿದರೆ ಜುಮ್ ಅನ್ನುತ್ತದೆ. (ಮುಳಬಾಗಿಲು)

ಉತ್ತರ: ಇಲ್ಲಿ ಎರಡು ಕಾಯಿಲೆ ಇವೆ, ಬೇರೆ ಬೇರೆ.

ಮೊದಲನೆಯದು ಯುಪಿಎಸ್ ಬ್ಯಾಟರಿ: ಮೋಟರ್ ಹಾಕಿ ವೋಲ್ಟೇಜ್ ಕುಸಿದಾಗಲೂ, ಕರೆಂಟ್ ಹೋದಾಗಲೂ ಕೈಹಿಡಿಯಬೇಕಾದದ್ದು ಅದೇ. ಮನೆಯ 600 ವಿಎ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷ ಬಂದರೆ ಹೆಚ್ಚು. ಸತ್ತ ಬ್ಯಾಟರಿಯೂ ಚಾರ್ಜ್‌ನಲ್ಲಿರುವಾಗ 13 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಯುಪಿಎಸ್‌ಗೆ ಕಂಪ್ಯೂಟರ್ ಬದಲು 60 ವಾಟಿನ ಹಳೇ ಬಲ್ಬ್ ಹಾಕಿ, ಗೋಡೆಯಿಂದ ಯುಪಿಎಸ್‌ನ ಪ್ಲಗ್ ಕೀಳಿ. ಬಲ್ಬ್ ಐದು ನಿಮಿಷವೂ ಉರಿಯದಿದ್ದರೆ ಬ್ಯಾಟರಿ ಬದಲಿಸಿ. ಯುಪಿಎಸ್ ಚೆನ್ನಾಗಿಯೇ ಇದೆ. ಲೇಸರ್ ಪ್ರಿಂಟರ್ ಅದಕ್ಕೆ ಸಿಕ್ಕಿಸಿದ್ದರೆ ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಹಾಕಿ, ಅದು ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಇಷ್ಟು ಸಣ್ಣ ಯುಪಿಎಸ್ ತಾಳದು.

ಜುಮ್ ಅನ್ನುವುದಕ್ಕೆ ಕಾರಣ ಅರ್ಥಿಂಗ್ ಇಲ್ಲದಿರುವುದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪವೇ ಸೋರಿಕೆಯನ್ನು ಅರ್ಥ್ ವೈರಿಗೆ ಕಳಿಸುವಂತೆ ಇರುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಬಾಕ್ಸ್ ಮೇಲೇ ನಿಲ್ಲುತ್ತದೆ, ಮೀಟರ್ ಇಟ್ಟರೆ 110 ವೋಲ್ಟ್ ಆಸುಪಾಸು ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ಗಿನಲ್ಲಿ ಅಳೆಸಿ: ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಕಡಿಮೆ ಇರಬೇಕು. ನಿಮ್ಮ ಕಡೆಯ ಗರಸು ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕದಿದ್ದರೆ ಇದ್ದ ಅರ್ಥಿಂಗೂ ಇಲ್ಲದಂತೆಯೇ. ಪ್ಲಗ್ಗಿನ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿ ‘ಸರಿಹೋಯ್ತು’ ಅನ್ನುವವರಿದ್ದಾರೆ. ಒಪ್ಪಬೇಡಿ. ಕಂಬದಲ್ಲಿ ನ್ಯೂಟ್ರಲ್ ಕಿತ್ತುಹೋದ ದಿನ ಬಾಕ್ಸಿಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ಪ್ರಶ್ನೆ: ನಮ್ಮದು ರೇಷ್ಮೆ ನೂಲು ತೆಗೆಯುವ ರೀಲಿಂಗ್ ಶೆಡ್ಡಿಗೆ ಅಂಟಿಕೊಂಡ ಮನೆ. ಲೆಕ್ಕ ಬರೆಯಲು, ಮಕ್ಕಳ ಓದಿಗೆ ಒಂದು ಕಂಪ್ಯೂಟರ್ ಇದೆ. ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಅಂಗಡಿಯವರು ರ್ಯಾಮ್ ತೆಗೆದು ಒರೆಸಿ ಹಾಕುತ್ತಾರೆ, ಸರಿಹೋಗುತ್ತದೆ. ಹತ್ತು ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಪ್ರತಿ ಸಲ ದುಡ್ಡು. (ಶಿಡ್ಲಘಟ್ಟ)

ಉತ್ತರ: ಅಂಗಡಿಯವರು ಮಾಡುತ್ತಿರುವುದು ಸರಿಯೇ, ಆದರೆ ಅರ್ಧ. ರ್ಯಾಮಿನ ಅಂಚಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಲೇಪ ಬಹಳ ತೆಳು. ಗೂಡು ಬೇಯಿಸುವ ಬಾಣಲೆಯ ಹಬೆ ಹಗಲೆಲ್ಲ ಮನೆಗೆ ಬರುತ್ತಿದ್ದರೆ ಬಾಕ್ಸ್ ಒಳಗಿನ ದೂಳು ಅದನ್ನು ಹೀರಿಕೊಂಡು ಒದ್ದೆ ಹಿಟ್ಟಿನ ಹಾಗೆ ಹಲ್ಲಿಗೆ, ಸ್ಲಾಟಿಗೆ ಅಂಟುತ್ತದೆ. ಹಲ್ಲು ಒರೆಸಿದರೂ ಸ್ಲಾಟಿನ ಒಳಗಿನದು ಹಾಗೇ ಉಳಿಯುತ್ತದೆ. ಹತ್ತು ದಿನಕ್ಕೆ ಮತ್ತೆ ಸಂಪರ್ಕ ಕೆಡುತ್ತದೆ.

ಇದನ್ನು ನೀವೇ ಮಾಡಬಹುದು. ಪ್ಲಗ್ ಕಿತ್ತು ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹರಿದುಹೋಗಲಿ. ಬಾಕ್ಸಿನ ಬಣ್ಣವಿಲ್ಲದ ತಗಡನ್ನೊಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಸ್ಲಾಟಿನ ತುದಿಯ ಕೊಂಡಿ ಹೊರಕ್ಕೆ ಒತ್ತಿದರೆ ರ್ಯಾಮ್ ತಾನೇ ಮೇಲೇಳುತ್ತದೆ. ಬಿಳಿ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳ ಉದ್ದಕ್ಕೆ ಅನುಸಾರವಾಗಿ, ಅಂದರೆ ಮೇಲಿನಿಂದ ಅಂಚಿನ ಕಡೆಗೆ, ಹಗುರವಾಗಿ ಎಳೆಯಿರಿ. ಇಂಕ್ ಅಳಿಸುವ ಒರಟು ನೀಲಿ ರಬ್ಬರ್ ಬೇಡ, ಲೇಪವನ್ನೇ ಕೆರೆದು ತೆಗೆಯುತ್ತದೆ. ರಬ್ಬರಿನ ಪುಡಿ ಒಂದು ಎಳೆಯೂ ಉಳಿಯಬಾರದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸ್ಲಾಟಿಗೆ ಅದೇ ದ್ರವದಲ್ಲಿ ಅದ್ದಿ ಕೊಡವಿದ ಮೆತ್ತನೆಯ ಹೊಸ ಬ್ರಶ್. ಹತ್ತು ನಿಮಿಷ ಆರಲು ಬಿಡಿ. ಬಾಯಿಂದ ಊದಬೇಡಿ, ಉಗುಳಿನ ತೇವವೇ ಮುಂದಿನ ತುಕ್ಕು.

ಕೂರಿಸುವಾಗ ಹಲ್ಲುಗಳ ನಡುವಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದಬೇಕು. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ಟಕ್ ಎಂದು ಕೊಂಡಿ ತಾನಾಗಿ ಬೀಳಬೇಕು. ಡಿಡಿಆರ್3, ಡಿಡಿಆರ್4 ಕಚ್ಚಿನ ಜಾಗ ಬೇರೆ. ಹೊಂದದಿದ್ದರೆ ಬಲ ಪ್ರಯೋಗ ಬೇಡ, ತಪ್ಪು ರ್ಯಾಮ್ ತಂದಿರುತ್ತೀರಿ.

ಎರಡು ರ್ಯಾಮ್ ಇದ್ದರೆ ಒಂದೊಂದೇ ಹಾಕಿ ನೋಡಿ, ಸ್ಲಾಟನ್ನೂ ಬದಲಿಸಿ. ಎರಡೂ ತೆಗೆದು ಖಾಲಿ ಸ್ಲಾಟಿನಲ್ಲೇ ಒಮ್ಮೆ ಆನ್ ಮಾಡುವುದು ಒಳ್ಳೆಯ ಉಪಾಯ. ರ್ಯಾಮ್ ಇಲ್ಲ ಎಂದು ಬೋರ್ಡ್ ಬೀಪ್ ಬೀಪ್ ಕೂಗಿಕೊಂಡರೆ ಬೋರ್ಡ್, ಪ್ರೊಸೆಸರ್ ಎರಡಕ್ಕೂ ಜೀವವಿದೆ ಎಂದರ್ಥ. ಕೂಗದಿದ್ದರೆ ಗಾಬರಿ ಬೇಡ, ಈಚಿನ ಬೋರ್ಡುಗಳಿಗೆ ಬೀಪರ್ ಇರುವುದೇ ಅಪರೂಪ. ನಾಲ್ಕು ಪಿನ್ನಿನ ಪುಟ್ಟ ಸ್ಪೀಕರ್ ಸಿಗುತ್ತದೆ, ಸ್ಪೀಕರ್ ಎಂದು ಬರೆದ ಕಡೆ ಸಿಕ್ಕಿಸಿ ಮತ್ತೆ ನೋಡಿ. ಬೀಪ್ ಎಣಿಸಿ ಅರ್ಥ ಹೇಳುವುದು ಮಾತ್ರ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಪುಟ್ಟ ಪ್ರೋಗ್ರಾಂ) ಕಂಪನಿಯಿಂದ ಕಂಪನಿಗೆ ಬೇರೆ. ಬೋರ್ಡಿನ ಕೈಪಿಡಿ ನೋಡದೆ ತೀರ್ಮಾನಿಸಬೇಡಿ.

ಬಾಕ್ಸನ್ನು ಶೆಡ್ಡಿನ ಗೋಡೆಯಿಂದ ದೂರದ ಕೋಣೆಗೆ, ನೆಲದಿಂದ ಒಂದಡಿ ಮೇಲಕ್ಕೆ ಸರಿಸಿ. ಇದೇ ನಿಜವಾದ ರಿಪೇರಿ. ದಿನಕ್ಕೆ ಒಂದು ಗಂಟೆಯಾದರೂ ಓಡಲಿ, ಒಳಗಿನ ಕಾವಿಗೆ ತೇವ ಆರುತ್ತದೆ. ಓಡುವಾಗ ಬಟ್ಟೆಯ ಹೊದಿಕೆ ಹಾಕಬೇಡಿ.

ಪ್ರಶ್ನೆ: ಕೊಬ್ಬರಿ ಮಂಡಿಯ ಲೆಕ್ಕದ ಕಂಪ್ಯೂಟರ್. ದಿನಾ ಬೆಳಗ್ಗೆ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಎನ್ನುತ್ತದೆ. ದಿನಾಂಕ 2009ಕ್ಕೆ ಹೋಗಿರುತ್ತದೆ, ಜಿಎಸ್‌ಟಿ ಸೈಟ್ ತೆರೆಯುವುದಿಲ್ಲ. ನಿನ್ನೆಯಿಂದ ‘ಬೂಟ್ ಡಿವೈಸ್ ಸಿಗಲಿಲ್ಲ’ ಎನ್ನುತ್ತಿದೆ. ಹಾರ್ಡ್ ಡಿಸ್ಕ್ ಹೋಯಿತೇ? (ತಿಪಟೂರು)

ಉತ್ತರ: ಬಹುಶಃ ಇಲ್ಲ. ಬೋರ್ಡಿನ ಮೇಲಿನ ಗುಂಡುಬಿಲ್ಲೆಯಂಥ ಬ್ಯಾಟರಿ ಮುಗಿದಿದೆ. ಸಿಆರ್2032 ಎಂದು ಕೇಳಿ, ಮೆಡಿಕಲ್ ಶಾಪಿನಲ್ಲೂ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹೊಸದು 3 ವೋಲ್ಟ್‌ಗೆ ತುಸು ಮೇಲಿರುತ್ತದೆ, 2.7ಕ್ಕಿಂತ ಕೆಳಗಿಳಿದದ್ದನ್ನು ನಂಬಬೇಡಿ. ರಾತ್ರಿ ಮಂಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸುವ ಕಡೆ ಇದು ಬೇಗ ಖಾಲಿಯಾಗುತ್ತದೆ, ಏಕೆಂದರೆ ರಾತ್ರಿಯಿಡೀ ಗಡಿಯಾರ ನಡೆಸುವುದು ಇದೊಂದೇ.

ದಿನಾಂಕದ ಜತೆಗೆ ಬಯಾಸ್‌ನ ಉಳಿದ ಆಯ್ಕೆಗಳೂ ಮೂಲಸ್ಥಿತಿಗೆ ಹೋಗಿರುತ್ತವೆ, ಡಿಸ್ಕ್ ಕಾಣದಿರುವುದು ಅದಕ್ಕೇ. ಪ್ಲಗ್ ಕಿತ್ತು ಪ್ಲಸ್ ಗುರುತು ಮೇಲಿರುವಂತೆ ಹೊಸ ಬಿಲ್ಲೆ ಕೂರಿಸಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಬಡಿಯುತ್ತಾ ಬಯಾಸ್‌ಗೆ ಹೋಗಿ ದಿನಾಂಕ ಸರಿಮಾಡಿ. ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನ ಜತೆ ಮಾತಾಡುವ ರೀತಿ, ಎಎಚ್‌ಸಿಐ ಇದೆಯೇ ನೋಡಿ. ಬೂಟ್ ಮೋಡ್, ಅಂದರೆ ವಿಂಡೋಸನ್ನು ಎಬ್ಬಿಸುವ ರೀತಿ, ಯುಇಎಫ್‌ಐ ಇದ್ದರೆ ಲೆಗಸಿಗೆ, ಲೆಗಸಿ ಇದ್ದರೆ ಯುಇಎಫ್‌ಐಗೆ ಬದಲಿಸಿ, ಎಫ್10 ಒತ್ತಿ ಉಳಿಸಿ. ಎರಡರಲ್ಲೊಂದಕ್ಕೆ ವಿಂಡೋಸ್ ಏಳಬೇಕು. ಎದ್ದ ಮೇಲೆ ಬಯಾಸ್‌ನ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. 48 ಅಂಕಿಯ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀ ಕೇಳಿದರೆ ನೀವು ವಿಂಡೋಸ್‌ಗೆ ಬಳಸುವ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ.

ಬಯಾಸ್ ಪಟ್ಟಿಯಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಆಗ ಸಾಟಾ ಕೇಬಲ್ ಬದಲಿಸಿ, ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ ನೋಡಿ.

ಪ್ರಶ್ನೆ: ಆನ್ ಆಗಿ ಎರಡು ನಿಮಿಷಕ್ಕೆ ದಿಢೀರ್ ಆಫ್. ತಕ್ಷಣ ಆನ್ ಮಾಡಿದರೆ ಅರ್ಧ ನಿಮಿಷವೂ ನಿಲ್ಲದು. (ಕುಣಿಗಲ್)

ಉತ್ತರ: ಪ್ರೊಸೆಸರ್ ವಿಪರೀತ ಬಿಸಿಯಾಗುತ್ತಿದೆ. ಅದನ್ನು ತಂಪಾಗಿಡುವ ಫ್ಯಾನ್ ಸಮೇತದ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಸಡಿಲವಾದರೂ ಸಾಕು, ಹೀಗಾಗುತ್ತದೆ. ಬಾಣದ ಗುರುತಿನ ಕಡೆ ತಿರುಗಿಸಿ ನಾಲ್ಕನ್ನೂ ಬಿಚ್ಚಿ, ಹಳೇ ಪೇಸ್ಟ್ ಒರೆಸಿ, ತೊಗರಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ನಡುವೆ ಇಡಿ. ಕಾಲುಗಳನ್ನು ವಾಪಸ್ ತಿರುಗಿಸಿ ಕರ್ಣರೇಖೆಯಲ್ಲಿ ಎರಡೆರಡಾಗಿ ಒತ್ತಿ, ನಾಲ್ಕೂ ಟಕ್ ಎನ್ನಬೇಕು. ದೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ.

ಪ್ರಶ್ನೆ: ವಿಂಡೋಸ್ ಗುರುತು ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ‘ಆಟೊಮ್ಯಾಟಿಕ್ ರಿಪೇರಿ’ ಎಂದು ಬಂದು ರಿಪೇರಿ ಆಗಲಿಲ್ಲ ಎನ್ನುತ್ತದೆ. ಫಾರ್ಮ್ಯಾಟ್ ಹೊಡೆಯಬೇಕಂತೆ. ಮಗಳ ಪ್ರಾಜೆಕ್ಟ್, ಮದುವೆ ಫೋಟೊ ಎಲ್ಲ ಡೆಸ್ಕ್‌ಟಾಪ್ ಮೇಲೇ ಇವೆ. (ಕೋಲಾರ)

ಉತ್ತರ: ಫಾರ್ಮ್ಯಾಟ್ ಎಂಬ ಮಾತು ಕೊನೆಗೆ. ಡೆಸ್ಕ್‌ಟಾಪ್ ಅಂದರೆ ಸಿ ಡ್ರೈವ್, ಫಾರ್ಮ್ಯಾಟ್ ಹೊಡೆದರೆ ಅದೇ ಮೊದಲು ಹೋಗುವುದು.

ಮೊದಲು ಬಾಕ್ಸಿಗೆ ಕಿವಿಗೊಡಿ. ಟಕ್, ಟಕ್ ಎಂದು ಒಂದೇ ಲಯದ ಸದ್ದು ಬರುತ್ತಿದ್ದರೆ ಪ್ಲಗ್ ಕಿತ್ತುಬಿಡಿ, ಡಿಸ್ಕ್ ಸಾಯುತ್ತಿದೆ. ಪ್ರತಿ ಸಲ ಆನ್ ಮಾಡಿದಾಗಲೂ ಒಂದಿಷ್ಟು ಫೋಟೊ ಕಳೆದುಕೊಳ್ಳುತ್ತೀರಿ. ದತ್ತಾಂಶ ತೆಗೆಯುವವರ ಹತ್ತಿರ ನೇರ ಒಯ್ಯಿರಿ. ಸದ್ದಿಲ್ಲದಿದ್ದರೆ ಡಿಸ್ಕ್ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಹಾಕುವ ಕೇಬಲ್ಲಿನಿಂದ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಅಡಾಪ್ಟರ್ ಇರುವ ಕೇಬಲ್ ಬೇಕು, 2.5 ಇಂಚಿನದಕ್ಕೆ ಬರೀ ಯುಎಸ್‌ಬಿ ಸಾಕು. ‘ಯೂಸರ್ಸ್’ ಫೋಲ್ಡರಿನೊಳಗೆ ನಿಮ್ಮ ಹೆಸರಿನದನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಮೊದಲು ಪ್ರಾಜೆಕ್ಟ್, ಆಮೇಲೆ ಫೋಟೊ, ಸಿನಿಮಾ ಹಾಡು ಕೊನೆಗೆ.

ನಕಲು ಸಿಕ್ಕಿತೇ, ಇನ್ನು ರಿಪೇರಿಗೆ ಇಳಿಯಬಹುದು. ಡಿಸ್ಕನ್ನು ವಾಪಸ್ ಹಾಕಿ. ಅದೇ ನೀಲಿ ಪರದೆಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಟ್ರಬಲ್‌ಶೂಟ್’ ದಾಟಿ ಹೋದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ತೊಂದರೆ ಶುರುವಾದದ್ದು ಅಪ್‌ಡೇಟ್ ಮರುದಿನವಾದರೆ ಮೊದಲು ಇದನ್ನೇ ಒತ್ತಿ. ಆಗದಿದ್ದರೆ ‘ಸಿಸ್ಟಮ್ ರಿಸ್ಟೋರ್’ ನೋಡಿ. ಅದೂ ಇಲ್ಲವೆಂದರೆ ‘ಸ್ಟಾರ್ಟಪ್ ಸೆಟಿಂಗ್ಸ್’ ಒತ್ತಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಏಳುತ್ತದೆ ಎಂದರೆ ವಿಂಡೋಸ್ ಬುಡ ಗಟ್ಟಿ ಇದೆ, ಈಚೆಗೆ ಹಾಕಿದ ಡ್ರೈವರ್ ಅಥವಾ ಆಂಟಿವೈರಸ್ ತೆಗೆಯಿರಿ.

ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ಕಮಾಂಡ್) ಓಡಿಸುವವರು ಒಂದು ನೆನಪಿಡಿ: ರಿಪೇರಿ ಪರದೆಯಲ್ಲಿ ಡ್ರೈವ್ ಅಕ್ಷರ ಬದಲಾಗಿರಬಹುದು, ನಿಮ್ಮ ಸಿ ಅಲ್ಲಿ ಡಿ ಆಗಿರುತ್ತದೆ. ಡಿಐಆರ್ ಕಮಾಂಡ್ ಕೊಟ್ಟು ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ನೋಡಿಕೊಂಡು ಆ ಅಕ್ಷರಕ್ಕೇ ಓಡಿಸಿ. ಸ್ಲ್ಯಾಶ್ ಎಫ್ ಸಾಕು. ಸ್ಲ್ಯಾಶ್ ಆರ್ ಕೊಟ್ಟರೆ ಡಿಸ್ಕಿನ ಇಂಚಿಂಚೂ ಓದುತ್ತದೆ, ದೊಡ್ಡ ಡಿಸ್ಕಿಗೆ ಇಡೀ ರಾತ್ರಿ ಬೇಕಾದೀತು; ನಡುವೆ ಕರೆಂಟ್ ಹೋದರೆ ಕೆಟ್ಟದ್ದು ಮತ್ತೂ ಕೆಡುತ್ತದೆ.

ಎದ್ದ ಮೇಲೆ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿ. 197ನೇ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ, ಸೊನ್ನೆಗಿಂತ ಹೆಚ್ಚಿದ್ದು ದಿನೇ ದಿನೇ ಏರುತ್ತಿದ್ದರೆ ಡಿಸ್ಕ್ ಬದಲಿಸಿ. 199 ಮಾತ್ರ ಏರುತ್ತಿದ್ದರೆ ತಪ್ಪು ಬಹುಪಾಲು ಕೇಬಲ್ಲಿನದು.

ಪ್ರಶ್ನೆ: ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದರೆ ಕಪ್ಪು ಪರದೆ, ಬಾಣದ ಗುರುತು ಮಾತ್ರ. ಗುಂಡಿ ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದರೆ ಸರಿ. ರೀಸ್ಟಾರ್ಟ್ ಕೊಟ್ಟಾಗ ಒಮ್ಮೆಯೂ ಹೀಗಾಗಿಲ್ಲ. (ಶಿರಾ)

ಉತ್ತರ: ಫಾಸ್ಟ್ ಸ್ಟಾರ್ಟಪ್ ಮೇಲೆ ಅನುಮಾನ. ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಮಲಗುವುದಲ್ಲ. ವಿಂಡೋಸ್ ತನ್ನ ಒಳತಿರುಳನ್ನು ಡ್ರೈವರ್‌ಗಳ ಸಮೇತ ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹಳೇ ಡಿಸ್‌ಪ್ಲೇ ಡ್ರೈವರಿಗೆ ಇದು ಒಗ್ಗದಿದ್ದರೆ ಕಪ್ಪು ಪರದೆ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಏಳುತ್ತದೆ, ಅದಕ್ಕೇ ತೊಂದರೆಯಿಲ್ಲ. ಖಚಿತಪಡಿಸಿಕೊಳ್ಳಲು ಇವತ್ತು ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮೇಲೆ ಕ್ಲಿಕ್ ಮಾಡಿ. ಆಗ ಪೂರ್ತಿ ಆರುತ್ತದೆ. ನಾಳೆ ಸರಿಯಾಗಿ ಎದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಗುಂಡಿಗಳು ಏನು ಮಾಡಬೇಕೆಂಬ ಸಾಲು ತೆರೆದು ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಮುಂದಿನ ಟಿಕ್ ತೆಗೆಯಿರಿ. ಟಿಕ್ ಮಸುಕಾಗಿದ್ದು ತೆಗೆಯಲು ಬಾರದಿದ್ದರೆ, ಅದೇ ಪುಟದ ಮೇಲ್ಭಾಗದಲ್ಲಿ ಪುಟ್ಟ ಗುರಾಣಿ ಚಿತ್ರವಿರುವ ನೀಲಿ ಸಾಲನ್ನು ಮೊದಲು ಒತ್ತಿ.